‘ಸ್ವಲ್ಪ ಕೆಲಸವಿದೆ’

ಮುಂದೆ ಎರಡು ಜಾರುಪಟ್ಟಿಗಳು, ಹಿಂದೆ ಹಿಮಕ್ಕೆ ಹಲ್ಲೂರಿ ಉರುಳುವ ಅಗಲವಾದ ರಬ್ಬರ್ ಟ್ರ್ಯಾಕು, ಸವಾರನ ಮುಂದುಗಡೆ ಎಂಜಿನ್ನು, ಇಷ್ಟು ಕೂಡಿದರೆ ಸ್ನೋಮೊಬೈಲ್ ಎಂಬ ಹಿಮವಾಹನವಾಗುತ್ತದೆ. ಕೆನಡಾದ ಕ್ವಿಬೆಕ್ ಪ್ರಾಂತ್ಯ, ಅಮೆರಿಕದ ಮಿನ್ನೆಸೋಟ ರಾಜ್ಯದಂಥ ಶೀತಪ್ರದೇಶಗಳಲ್ಲಿ ಹಿಮವಿರುವ ಕೆಲವೇ ತಿಂಗಳು ಓಡಿ, ವರ್ಷದ ಉಳಿದ ಕಾಲವೆಲ್ಲ ಶೆಡ್ಡಿನ ಮೂಲೆಯಲ್ಲಿ ನಿಂತಿರುವುದು ಇದರ ಹಣೆಬರಹವಾದುದರಿಂದ, ಓಡಿ ಸವೆದದ್ದಕ್ಕಿಂತ ನಿಂತು ಕೆಟ್ಟದ್ದೇ ಹಲವು ಬಾರಿ ಹೆಚ್ಚಾಗಿರುತ್ತದೆ. ಅಂಥದೊಂದನ್ನು ಮಾರುವವನು ‘ಎಂಜಿನ್ನಿನಲ್ಲಿ ಸ್ವಲ್ಪ ಕೆಲಸವಿದೆ’ ಎಂದಾಗ, ಆ ‘ಸ್ವಲ್ಪ’ ಎಂಬುದರ ಅಳತೆಯೇ ಕೊಳ್ಳುವವನ ಮುಂದಿರುವ ನಿಜವಾದ ಪ್ರಶ್ನೆ.

ಈ ವಾಹನದ ಚರಿತ್ರೆಯೇ ಓಡದ ಯಂತ್ರವೊಂದರ ನೆನಪನ್ನು ಹೊತ್ತಿದೆ. ಕ್ವಿಬೆಕ್‌ನ ವಾಲ್ಕೂರ್ ಊರಿನ ಮೆಕ್ಯಾನಿಕ್ ಜೋಸೆಫ್-ಆರ್ಮಾಂಡ್ ಬೊಂಬಾರ್ಡಿಯೆ 1934ರ ಚಳಿಗಾಲದಲ್ಲಿ ತನ್ನ ಎಳೆಯ ಮಗನನ್ನು ಕಳೆದುಕೊಂಡಾಗ ಹಿಮ ತುಂಬಿದ ದಾರಿಯಲ್ಲಿ ಆಸ್ಪತ್ರೆಗೆ ಹೋಗುವ ಉಪಾಯವಿರಲಿಲ್ಲ; ಅವನು ಕಟ್ಟುತ್ತಿದ್ದ ಹಿಮವಾಹನ ಇನ್ನೂ ಓಡುವ ಸ್ಥಿತಿಗೆ ಬಂದಿರಲಿಲ್ಲ. 1937ರಲ್ಲಿ ಹಲ್ಲುಚಕ್ರ ಮತ್ತು ಟ್ರ್ಯಾಕಿನ ವ್ಯವಸ್ಥೆಗೆ ಪೇಟೆಂಟ್ ಪಡೆದ ಅವನು, 1959ರಲ್ಲಿ ‘ಸ್ಕಿ-ಡೂ’ ಹೆಸರಿನ ಹಗುರವಾದ ಬಂಡಿಯನ್ನು ಮಾರುಕಟ್ಟೆಗೆ ತಂದ ಮೇಲೆ ಅದು ಅವಶ್ಯಕತೆಯಷ್ಟೇ ಅಲ್ಲದೆ ವಿನೋದದ ವಸ್ತುವೂ ಆಯಿತು.

ಈಗ ನಾಲ್ಕು ಸ್ಟ್ರೋಕಿನ ಎಂಜಿನ್ನುಗಳೂ ಬಂದಿವೆಯಾದರೂ ಅಗ್ಗಕ್ಕೆ ಸಿಗುವ ಹಳೆಯ ಬಂಡಿಗಳಲ್ಲಿ ಬಹುಪಾಲು ಟೂ ಸ್ಟ್ರೋಕ್‌ನವು. 1961ರಿಂದ 1996ರವರೆಗೆ ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ಡಿ ಬೈಕುಗಳಿಗೆ ಪೆಟ್ರೋಲಿನ ಜೊತೆ ಆಯಿಲ್ ಬೆರೆಸಿ ಹಾಕಿದವರಿಗೆ ಇದರ ಸ್ವಭಾವವನ್ನು ವಿವರಿಸಬೇಕಾಗಿಲ್ಲ. ಉಳಿದವರಿಗಾಗಿ ಹೇಳುವುದಾದರೆ, ಎಂಜಿನ್ನಿನ ತಳದಲ್ಲಿ ಬೇರೆಯಾಗಿ ಎಣ್ಣೆಯ ತೊಟ್ಟಿಯಿಲ್ಲದ ಈ ವ್ಯವಸ್ಥೆಯಲ್ಲಿ ಪಿಸ್ಟನ್ನಿಗೂ ಬೇರಿಂಗುಗಳಿಗೂ ಬೇಕಾದ ಜಿಡ್ಡು ಇಂಧನದ ದಾರಿಯಲ್ಲೇ ಬಂದು ತಲಪುತ್ತದೆ. ಆಯಿಲನ್ನು ಟ್ಯಾಂಕಿನಲ್ಲೇ ಬೆರೆಸುವ ಹಳೆಯ ಬಂಡಿಗಳಲ್ಲಂತೂ ಪೆಟ್ರೋಲು ಕಡಿಮೆಯಾದರೆ ಜಿಡ್ಡೂ ಕಡಿಮೆಯಾಗುತ್ತದೆ. ನಿಂತ ಪೆಟ್ರೋಲು ಅಂಟಾಗಿ ಕಾರ್ಬ್ಯುರೇಟರಿನ ಜೆಟ್ಟು, ಅಂದರೆ ಇಂಧನ ಹಾಯುವ ಸೂಜಿಗಣ್ಣಿನಂಥ ರಂಧ್ರ, ಅರ್ಧ ಮುಚ್ಚಿಕೊಂಡರೂ ಸಾಕು, ಕ್ರ್ಯಾಂಕಿನ ಕೊನೆಯ ರಬ್ಬರ್ ಸೀಲು ಗಡುಸಾಗಿ ಹೊರಗಾಳಿಯನ್ನು ಎಳೆದುಕೊಂಡರೂ ಸಾಕು, ಮಿಶ್ರಣ ತೆಳುವಾಗಿ, ಪಿಸ್ಟನ್ ಕಾದು ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ನಮ್ಮ ಗ್ಯಾರೇಜುಗಳು ಇದನ್ನೇ ‘ಸೀಜ್ ಆಗುವುದು’ ಎನ್ನುತ್ತವೆ. ಚಳಿ ಹೆಚ್ಚಿದಷ್ಟೂ ಗಾಳಿ ಸಾಂದ್ರವಾಗಿ ಹೆಚ್ಚು ಇಂಧನವನ್ನು ಬೇಡುವುದರಿಂದ, ಹದವಾದ ಹವೆಗೆ ಹೊಂದಿಸಿದ ಜೆಟ್ಟು ಕಡುಚಳಿಯಲ್ಲಿ ಇದೇ ಅನಾಹುತವನ್ನು ತರಬಲ್ಲದು.

ಆದ್ದರಿಂದ ಸುಟ್ಟ ಪಿಸ್ಟನ್ ರೋಗವಲ್ಲ, ರೋಗದ ಗುರುತು. ಹೊಸ ಪಿಸ್ಟನ್, ರಿಂಗು, ಗ್ಯಾಸ್ಕೆಟ್ ಹಾಕಿಸಿ, ಅದನ್ನು ಸುಟ್ಟ ಕಾರಣವನ್ನು ಒಳಗೇ ಬಿಟ್ಟವನು ಅದೇ ರಿಪೇರಿಗೆ ಎರಡನೆಯ ಬಾರಿ ದುಡ್ಡು ತೆರುತ್ತಾನೆ. ‘ಕಾರ್ಬ್ಯುರೇಟರ್ ತೊಳೆದರೆ ಸರಿಹೋಗುತ್ತದೆ’ ಎನ್ನುವ ಮಾತು ಸುಳ್ಳೆಂದು ತಳ್ಳಿಹಾಕಬೇಕಾಗಿಲ್ಲ. ಆದರೆ ಅಷ್ಟು ಸುಲಭದ ಕೆಲಸವನ್ನು ಮಾಡಿ ಹೆಚ್ಚಿನ ಬೆಲೆಗೆ ಮಾರುವ ಅವಕಾಶವನ್ನು ಮಾರುವವನು ಯಾಕೆ ಬಿಟ್ಟನೆಂದು ಯೋಚಿಸುವುದರಲ್ಲಿ ಅನ್ಯಾಯವೇನಿಲ್ಲ.

ಪರೀಕ್ಷೆ ಕಷ್ಟದ್ದಲ್ಲ. ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ಆ ತೂತಿಗೆ ಕಂಪ್ರೆಷನ್ ಗೇಜ್, ಅಂದರೆ ಸಿಲಿಂಡರಿನ ಒಳಗಿನ ಒತ್ತಡವನ್ನು ಅಳೆಯುವ ಮಾಪಕವನ್ನು ಕೂರಿಸಿ, ಥ್ರಾಟಲನ್ನು ಪೂರ್ತಿ ತೆರೆದಿಟ್ಟು, ಮುಳ್ಳು ಏರುವುದು ನಿಲ್ಲುವವರೆಗೆ ಸ್ಟಾರ್ಟರಿನ ಹಗ್ಗವನ್ನು ಎಳೆಯಬೇಕು. ಹಲವು ಎಂಜಿನ್ನುಗಳಲ್ಲಿ ಚದರ ಅಂಗುಲಕ್ಕೆ 120 ಪೌಂಡಿನ ಆಸುಪಾಸಿನ ಒತ್ತಡ ಆರೋಗ್ಯದ ಲಕ್ಷಣವೆನಿಸಿದರೂ, ಆ ಸಂಖ್ಯೆಗಿಂತ ಎರಡು ಸಿಲಿಂಡರುಗಳ ನಡುವಿನ ಅಂತರ ಹೆಚ್ಚು ಮಾತಾಡುತ್ತದೆ; ಅದು ನೂರಕ್ಕೆ ಹತ್ತನ್ನು ಮೀರಿದರೆ ಸಂಶಯಪಡಲೇಬೇಕು. ಸೈಲೆನ್ಸರಿಗೆ ಹೋಗುವ ಕೊಳವೆಯನ್ನು ಬಿಚ್ಚಿ ಟಾರ್ಚು ಹಿಡಿದರೆ ಪಿಸ್ಟನ್ನಿನ ಮೈ ಕಾಣುತ್ತದೆ: ಉದ್ದಕ್ಕೆ ಗೀರುಗಳಿದ್ದರೆ ಅದು ಒಮ್ಮೆ ಕಚ್ಚಿಕೊಂಡು ಬಿಟ್ಟದ್ದು. ಬಂಡಿ ನೋಡಲು ಹೋಗುವಷ್ಟರಲ್ಲಿ ಎಂಜಿನ್ ಬೆಚ್ಚಗಿದ್ದರೆ ಅದೂ ಒಂದು ಸುಳಿವೇ, ಏಕೆಂದರೆ ಚಳಿಯಲ್ಲಿ ಮೊಂಡು ಹಿಡಿಯುವ ಎಂಜಿನ್ನನ್ನು ಗಿರಾಕಿ ಬರುವ ಮುನ್ನ ಕಾಯಿಸಿಡುವುದು ಹಳೆಯ ಚಾಳಿ.

ಗೀರು ಬಿದ್ದ ಸಿಲಿಂಡರಿನ ಚಿಕಿತ್ಸೆ ಅದರ ಒಳಮೈಯನ್ನು ಅವಲಂಬಿಸಿದೆ. ಬೀಡುಕಬ್ಬಿಣದ ಒಳಗವಚವಿದ್ದರೆ ಬೋರ್ ಮಾಡಿಸಿ, ಅಂದರೆ ಒಳವ್ಯಾಸವನ್ನು ತುಸು ಕೊರೆದು ಹಿಗ್ಗಿಸಿ, ದೊಡ್ಡ ಅಳತೆಯ ಪಿಸ್ಟನ್ ಕೂರಿಸಬಹುದು. ನಿಕಲ್ ಮತ್ತು ಸಿಲಿಕಾನ್ ಕಾರ್ಬೈಡಿನ ಗಟ್ಟಿ ಲೇಪವಿರುವ ಅಲ್ಯೂಮಿನಿಯಂ ಸಿಲಿಂಡರಾದರೆ ಲೇಪವನ್ನೇ ಹೊಸದಾಗಿ ಹಾಕಿಸಬೇಕಾಗಿ ಖರ್ಚು ಏರುತ್ತದೆ. ಕ್ರ್ಯಾಂಕಿನ ಬೇರಿಂಗೂ ಹೋಗಿದ್ದರೆ ಎಂಜಿನ್ನನ್ನು ಪೂರ್ತಿ ಬಿಚ್ಚದೆ ಗತಿಯಿಲ್ಲ.

ಎರಡೂ ಸಿಲಿಂಡರುಗಳ ಒತ್ತಡ ಸಮವಾಗಿದ್ದು ಎಂಜಿನ್ ಹತ್ತದಿರುವುದಷ್ಟೇ ದೂರಾದರೆ, ಸ್ವತಃ ಸ್ಪ್ಯಾನರ್ ಹಿಡಿಯಬಲ್ಲವನು ಆ ಬಂಡಿಯನ್ನು ಕೊಳ್ಳಬಹುದು. ಒಂದರಲ್ಲಿ ಒತ್ತಡ ಕುಸಿದಿದ್ದು, ಅದರ ಕಾರಣ ಮಾರುವವನಿಗೂ ತಿಳಿಯದಿದ್ದರೆ, ಎಂಜಿನ್ನಿಗೆ ಸೊನ್ನೆ ಹಾಕಿ, ಟ್ರ್ಯಾಕು, ಜಾರುಪಟ್ಟಿ, ಸಸ್ಪೆನ್ಷನ್ನುಗಳನ್ನು ಬಿಡಿಯಾಗಿ ಮಾರಿದರೆ ಎಷ್ಟು ಬಂದೀತೋ ಅದಕ್ಕಿಂತ ಒಂದು ಡಾಲರನ್ನೂ ಹೆಚ್ಚು ಕೊಡತಕ್ಕದ್ದಲ್ಲ.