ಕೇಳುವುದು ಮತ್ತು ಕಾಯುವುದು

ಕನ್ನಡದಲ್ಲಿ ‘ಕೇಳು’ ಎಂಬ ಒಂದೇ ಕ್ರಿಯಾಪದಕ್ಕೆ ಎರಡು ಕೆಲಸ. ದಾರಿಯನ್ನೂ ಕೇಳುತ್ತೇವೆ, ಹಾಡನ್ನೂ ಕೇಳುತ್ತೇವೆ. ತುಳುವಿನಲ್ಲೂ ತಮಿಳಿನಲ್ಲೂ ಹೀಗೆಯೇ. ತೆಲುಗಿನವರು ‘ಅಡುಗು’, ‘ವಿನು’ ಎಂದು ಪಾಲು ಮಾಡಿಕೊಂಡಿದ್ದಾರೆ. ಹಿಂದಿಯಲ್ಲಂತೂ ಪ್ರಶ್ನೆ ಕೇಳುವುದು, ಬೇಡುವುದು, ಕಿವಿಗೊಡುವುದು, ಮೂರಕ್ಕೂ ಮೂರು ಪದ. ಕರೋಲ್ ಬಾಗಿಗೆ ಬಂದು ಭಾನುವಾರದ ಹಿಂದಿ ಆರಾಧನೆಯಲ್ಲಿ ಕೂರತೊಡಗಿದ ಮೇಲೆ ಇದು ನನ್ನ ಗಮನಕ್ಕೆ ಬಂತು. ಅಲ್ಲಿ ದೇವರಲ್ಲಿ ಬೇಡಿದರೆ ಬೇಡಿದ್ದಷ್ಟೇ ಆಗುತ್ತದೆ. ಕನ್ನಡದಲ್ಲಿ ‘ದೇವರನ್ನು ಕೇಳಿದೆ’ ಎಂದರೆ ಮಾತಾಡಿದ್ದು ನಾನೋ ಅವನೋ ಎಂಬುದು ತುಸು ಮಸುಕಾಗಿಯೇ ಉಳಿಯುತ್ತದೆ.

ಭಾಷಾಶಾಸ್ತ್ರ ಓದಿದವರ ಚಪಲಕ್ಕೆ ಇದನ್ನು ಹೇಳುತ್ತಿಲ್ಲ. ಹದಿನಾಲ್ಕು ತಿಂಗಳಿಂದ ನಾನು ಒಂದೇ ವಿಷಯ ಕೇಳುತ್ತಿದ್ದೇನೆ: ಉಡುಪಿಯಲ್ಲಿ ಒಬ್ಬರೇ ಇರುವ ಅಮ್ಮನ ಬಳಿಗೆ ಹೋಗಬೇಕೋ, ಇಲ್ಲೇ ಇರಬೇಕೋ? ಅನುವಾದದ ಕೆಲಸ ಎಲ್ಲಿಂದಲಾದರೂ ನಡೆದೀತು. ಮನೆಯ ಇನ್ನೊಂದು ಸಂಬಳ, ಮಗಳ ಶಾಲೆ ಹಾಗಲ್ಲ. ಅಮ್ಮನನ್ನು ಇಲ್ಲಿಗೆ ಕರೆತರೋಣವೆಂದರೆ ನವೆಂಬರದ ಹೊಗೆಯಲ್ಲಿ ಅವರ ಉಬ್ಬಸದ ಗತಿಯೇನು?

ಒಂದೇ ವಾರದಲ್ಲಿ ಎರಡು ಉತ್ತರ ಬಂದವು. ‘ನೀವು ದೆಹಲಿಯಲ್ಲೇ ಇರಬೇಕೆಂದು ಕರ್ತನು ನನಗೆ ತೋರಿಸಿದ್ದಾನೆ’ ಎಂದರು ಪ್ರಾರ್ಥನಾ ಕೂಟದ ಹಿರಿಯರೊಬ್ಬರು. ನಾಲ್ಕು ದಿನಕ್ಕೆ ಊರಿನಿಂದ ಸಂಬಂಧಿಕರೊಬ್ಬರ ಫೋನು: ಅದೇ ಕರ್ತನು ಅವರಿಗೆ ತದ್ವಿರುದ್ಧವಾಗಿ ಹೇಳಿದ್ದ. ಇಬ್ಬರ ಪ್ರೀತಿಯೂ ನಿಜ. ಆದರೆ ದೇವರ ಚಿತ್ತ ಇಷ್ಟು ಬೇಗ, ಅದೂ ಬೇರೆಯವರ ಬದುಕಿನ ಬಗ್ಗೆ ತಿಳಿದುಬಿಡುವುದು ನನಗೆ ಅನುಮಾನದ ಸಂಗತಿ.

ದೇವರ ಸ್ವರ ಎಂದರೆ ಸಾಮಾನ್ಯವಾಗಿ ಹೋರೇಬಿನ ಎಲೀಯನನ್ನು ನೆನೆಯುತ್ತಾರೆ. ಗಾಳಿ, ಭೂಕಂಪ, ಬೆಂಕಿ, ಕಡೆಗೆ ಒಂದು ತೆಳ್ಳನೆಯ ಮೌನ. ಹೀಬ್ರೂ ಮೂಲದಲ್ಲಿರುವ ಮೂರು ಪದಗಳು ‘ಸಣ್ಣ ಮೌನದ ಸ್ವರ’ ಎಂಬಂತಿವೆ; ಅನುವಾದಕರಿಗೆ ಎಂದೂ ಸುಲಭವಾಗದ ಪದಗಳು. ಆದರೆ ಅಜ್ಮಲ್ ಖಾನ್ ರಸ್ತೆಯ ಪಕ್ಕದ ಗಲ್ಲಿಯಲ್ಲಿ ಆ ಮೌನವನ್ನು ಎಲ್ಲಿಂದ ತರಲಿ? ಬೆಳಿಗ್ಗೆ ತರಕಾರಿ ಗಾಡಿಯವನ ಕೂಗು, ಸಂಜೆ ಇ-ರಿಕ್ಷಾಗಳ ಹಾರ್ನು, ಮದುವೆ ಕಾಲದಲ್ಲಿ ಬ್ಯಾಂಡು. ನನಗೆ ಹತ್ತಿರವಾದವನು ಬಾಲಕ ಸಮುವೇಲ. ರಾತ್ರಿ ಕರೆ ಕೇಳಿ ಅವನು ಎದ್ದು ಓಡುವುದು ಮುದುಕ ಏಲಿಯ ಬಳಿಗೆ, ಅದೂ ಮೂರು ಸಲ. ಅಂದರೆ ದೇವರ ಸ್ವರ ಅವನಿಗೆ ಮನೆಯ ಮುದುಕನ ಸ್ವರದಂತೆಯೇ ಕೇಳಿಸಿತು. ಅದು ಯಾರ ಕರೆ ಎಂದು ಗುರುತಿಸಿದವನು, ಕಣ್ಣು ಮಂಜಾಗಿದ್ದ ಏಲಿ. ಬಂದ ಸಂದೇಶವೋ ಏಲಿಯ ಮನೆತನಕ್ಕೇ ವಿರುದ್ಧ. ಆದರೂ ಮುಚ್ಚಿಡದೆ ಹೇಳು ಎಂದು ಹುಡುಗನನ್ನು ಒತ್ತಾಯಿಸಿದವನು ಅವನೇ. ತನಗೆ ಲಾಭವಿಲ್ಲದ ಮಾತನ್ನು ಹೀಗೆ ಕೇಳಿಸಿಕೊಳ್ಳುವ ಹಿರಿಯರು ಸಿಕ್ಕರೆ ನಾನೂ ಅವರ ಮಾತು ನಂಬಿಯೇನು. ಇನ್ನೊಂದು ಸ್ವಾರಸ್ಯ: ತಾಯಿ ಹನ್ನಳು ಮಗನ ಹೆಸರನ್ನು ವಿವರಿಸುವುದು ‘ಬೇಡಿ ಪಡೆದದ್ದು’ ಎಂಬರ್ಥದ ಹೀಬ್ರೂ ಧಾತುವಿನಿಂದ, ಕಿವಿಗೆ ಆ ಹೆಸರು ‘ಆಲಿಸು’ ಎಂಬ ಧಾತುವನ್ನೂ ನೆನಪಿಸುತ್ತದೆ. ಎರಡೂ ನಮ್ಮ ‘ಕೇಳು’ವಿನೊಳಗೇ ಇವೆ.

ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದಾಗ ಅಚ್ಚಾದ ಕನ್ನಡ ನಿಘಂಟಿರಲಿಲ್ಲ. ಒಂದೊಂದು ಪದವನ್ನೂ ಊರಿನವರನ್ನು ಕೇಳಬೇಕು, ಅವರು ಹೇಳಿದ್ದನ್ನು ಕೇಳಬೇಕು. ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗುವಾಗ 1831. ಗಡುವು ಮುಂದೂಡಿ ಎಂದು ವಾರಕ್ಕೊಂದು ಇಮೇಲ್ ಬರೆಯುವ ನನಗೆ ಆ ಇಪ್ಪತ್ತೊಂದು ವರ್ಷಗಳನ್ನು ಊಹಿಸಿಕೊಳ್ಳಲೂ ಆಗುವುದಿಲ್ಲ.

‘ಕಾಯು’ ಎಂಬ ಪದದ್ದೂ ಇಂಥದೇ ಕಥೆ. ಕುರಿ ಕಾಯುವವನು, ಬಸ್ಸಿಗೆ ಕಾಯುವವನು. ಕೀರ್ತನೆ 130ರಲ್ಲಿ ಬೆಳಗಿಗಾಗಿ ಎದುರುನೋಡುವ ಕಾವಲುಗಾರರಿದ್ದಾರಲ್ಲ, ಅವರ ಎರಡೂ ಕೆಲಸ ಕನ್ನಡದಲ್ಲಿ ಒಂದೇ ಪದಕ್ಕೆ ದಕ್ಕುತ್ತದೆ: ಕಾಯುತ್ತಾ ಕಾಯುವುದು. (ಎಣ್ಣೆ ಕಾಯುವುದನ್ನೂ ಸೇರಿಸಿ ಪ್ರಸಂಗ ಮಾಡಲು ಆಸೆಯಾಗುತ್ತದೆ. ಬರೋ ಮತ್ತು ಎಮೆನೋ ಅವರ ದ್ರಾವಿಡ ನಿಷ್ಪತ್ತಿ ಕೋಶ ಅದನ್ನು ಬೇರೆಯೇ ಧಾತು ಎನ್ನುತ್ತದೆ, ಹಾಗಾಗಿ ಬಿಟ್ಟಿದ್ದೇನೆ.) ಕಾವಲುಗಾರ ಕೈಕಟ್ಟಿ ಕೂತಿಲ್ಲ. ಬೆಳಗನ್ನು ತರಿಸುವುದು ಅವನ ಕೈಲಿಲ್ಲ. ಅಲ್ಲಿಯವರೆಗೆ ಊರನ್ನು ನೋಡಿಕೊಳ್ಳುವುದು ಇದೆ. ತಾಳ್ಮೆ ಎಂದರೆ ಉತ್ತರ ಬರುವ ತನಕ ಏನೂ ಮಾಡದಿರುವುದು ಎಂಬ ಬೋಧನೆಯನ್ನು ಚಿಕ್ಕಂದಿನಿಂದ ಕೇಳಿದ್ದೇನೆ, ಒಪ್ಪಲು ಆಗಿಲ್ಲ.

ಈಗ ದಿನಾ ರಾತ್ರಿ ಒಂಬತ್ತಕ್ಕೆ ಅಮ್ಮನಿಗೆ ಫೋನು ಮಾಡುತ್ತೇನೆ. ಬರಲೋ ಬೇಡವೋ ಎಂದು ಕೇಳುವುದಿಲ್ಲ. ಕೇಳಿದರೆ ಬೇಡ ಎನ್ನುತ್ತಾರೆಂದು ಗೊತ್ತು. ಸುಮ್ಮನೆ ಕೇಳುತ್ತೇನೆ. ಹಲಸಿನ ಮರ, ಪಕ್ಕದ ಮನೆಯ ನಾಯಿ, ಹೊಸ ಸಭಾಪಾಲಕರ ಉದ್ದನೆಯ ಪ್ರಸಂಗ. ಮೂರನೆಯ ವಾರದಲ್ಲೊಂದು ರಾತ್ರಿ, ಮೀನಿನ ರೇಟಿನ ನಡುವೆ, ‘ಹಗಲು ಏನೂ ಇಲ್ಲ, ಕರೆಂಟು ಹೋದಾಗ ಮಾತ್ರ ಸ್ವಲ್ಪ ಹೆದರಿಕೆ’ ಎಂದರು. ಹದಿನಾಲ್ಕು ತಿಂಗಳಲ್ಲಿ ನನ್ನ ಪ್ರಶ್ನೆಗೆ ಸಿಕ್ಕ ಮೊದಲ ಸ್ಪಷ್ಟ ಮಾತು ಅದು. ದೇವರದೋ ಅಮ್ಮನದೋ ಎಂದು ವಿಂಗಡಿಸಲು ಹೋಗಿಲ್ಲ.

ಇನ್ವರ್ಟರ್ ಹಾಕಿಸಿದ್ದಾಯಿತು. ರಾತ್ರಿ ಜೊತೆಗಿರಲು ಕೆಳಗಿನ ಮನೆಯ ಕಾಲೇಜು ಹುಡುಗಿ ಒಪ್ಪಿದ್ದಾಳೆ, ಪರೀಕ್ಷೆ ಮುಗಿಯುವವರೆಗೆ. ಇಲ್ಲಿನ ಬಾಡಿಗೆ ಕರಾರು ಸೆಪ್ಟೆಂಬರಿಗೆ ಮುಗಿಯುತ್ತದೆ. ಮಾಲೀಕರು ಎರಡು ಸಲ ಕೇಳಿದ್ದಾರೆ, ಇನ್ನೂ ಹೇಳಿಲ್ಲ.