ಮಗನ ಹೆಜ್ಜೆಯ ಲೆಕ್ಕ

ಎರಡು ವರ್ಷ ಕೂಡಿಟ್ಟ ರಜೆಯಲ್ಲಿ ಕಳೆದ ಡಿಸೆಂಬರ್‌ನಲ್ಲಿ ನ್ಯೂಜಿಲೆಂಡಿಗೆ, ಆಕ್ಲೆಂಡಿನ ಅಣ್ಣನ ಮನೆಗೆ ಹೋಗಿದ್ದೆವು. ಅಲ್ಲಿ ಆಗ ಬೇಸಿಗೆ. ಟೊಂಗರಿರೊ ಚಾರಣ ಮಾಡಲೇಬೇಕೆಂದು ನಾನು ದುಬೈಯಲ್ಲೇ ನಿಶ್ಚಯಿಸಿದ್ದೆ. ಜ್ವಾಲಾಮುಖಿಗಳ ನಡುವೆ ಸುಮಾರು 20 ಕಿಲೋಮೀಟರ್, ಏಳೆಂಟು ಗಂಟೆಯ ನಡಿಗೆ. ದಾರಿಯ ಅತಿ ಎತ್ತರದ ಜಾಗ 1,886 ಮೀಟರ್.

ನನ್ನ ಯೋಜನೆ ನೋಡಿದ ಅಣ್ಣ, "ಇದರಲ್ಲಿ ಮಕ್ಕಳ ಲೆಕ್ಕ ಎಲ್ಲಿದೆಯೋ?" ಎಂದ. ಮಗಳಿಗೆ ಒಂಬತ್ತು, ಮಗನಿಗೆ ಆರು. ಒಂದು ಕಡೆ ಹತ್ತಿ ಇನ್ನೊಂದು ಕಡೆ ಇಳಿಯುವ ದಾರಿ ಅದು. ನಡುವೆ ಮಗು ಸೋತರೆ ವಾಹನ ಬರುವುದಿಲ್ಲ. ಬೇಸಿಗೆಯಲ್ಲೂ ಮೇಲೆ ಚಳಿಗಾಳಿ ಏಳಬಹುದು. ನನಗೆ ನಾಚಿಕೆಯಾಯಿತು. ತೂಕ ಬರೆಯದ ಮಗುವಿನ ಚೀಟಿ ಬಂದರೆ ಔಷಧಿ ಕೊಡದೆ ವಾರ್ಡಿಗೆ ಫೋನ್ ಮಾಡುವ ಫಾರ್ಮಸಿಸ್ಟ್ ನಾನು!

ಕೊನೆಗೆ ಅದೇ ರಾಷ್ಟ್ರೀಯ ಉದ್ಯಾನದ ತರನಾಕಿ ಜಲಪಾತಕ್ಕೆ ಹೋದೆವು. ಫಕಪಾಪ ಹಳ್ಳಿಯಿಂದ ಹೊರಟು ಅಲ್ಲಿಗೇ ಮರಳುವ 6 ಕಿಲೋಮೀಟರ್. ಸಾಮಾನ್ಯವಾಗಿ ಎರಡು ಗಂಟೆ ಸಾಕು. ಮಳೆಯಂಗಿ, ಉಣ್ಣೆ ಟೋಪಿ, ಬದಲಿ ಕಾಲುಚೀಲ, ನೀರು, ಅತ್ತಿಗೆ ಕರಿದ ಚಕ್ಕುಲಿ ಜೊತೆಗಿದ್ದವು. ಮಗನನ್ನು ಮುಂದೆ ಬಿಟ್ಟು ಅವನ ಹೆಜ್ಜೆಗೆ ನಾವು ಹೆಜ್ಜೆ ಹಾಕಿದೆವು. ಅವನು ಕಲ್ಲು ಕಂಡಲ್ಲೆಲ್ಲ ನಿಂತ. ನಾಲ್ಕು ಗಂಟೆ ಹಿಡಿಯಿತು.

20 ಮೀಟರ್ ಎತ್ತರದಿಂದ ಧುಮುಕುವ ನೀರಿನೆದುರು ಕೂತು ಚಕ್ಕುಲಿ ತಿಂದೆವು. ನೈಟ್ ಶಿಫ್ಟ್ ಮುಗಿಸಿ ಬಂದು ಮಕ್ಕಳ ಮಾತಿಗೆ ನಿದ್ದೆಗಣ್ಣಲ್ಲಿ ಹೂಂಗುಟ್ಟುವ ನಾನು, ಅಂದು ಮಗಳ ಶಾಲೆಯ ಕಥೆಯನ್ನು ಪೂರ್ತಿ ಕೇಳಿದೆ. ಅವಳ ಆಪ್ತ ಗೆಳತಿ ಊರಿಗೆ ಮರಳಿ ಆರು ತಿಂಗಳಾಗಿತ್ತಂತೆ. ನನಗೆ ಗೊತ್ತೇ ಇರಲಿಲ್ಲ.

ಟೊಂಗರಿರೊ ಅಲ್ಲೇ ಇರುತ್ತದೆ. ಮಗ ಇನ್ನಷ್ಟು ಬೆಳೆಯಲಿ.