ಅಂಚಿನ ಬೆರಳು

ತುಂಬೆಹೂವಿನ ಮೇಲೆ ಹೊಂಚುಹಾಕಿ ಕುಳಿತ ಏಡಿಜೇಡ ಅಕ್ಕಿಕಾಳಿಗಿಂತ ದೊಡ್ಡದಲ್ಲ. ಅದನ್ನು ಇದ್ದಷ್ಟೇ ಗಾತ್ರದಲ್ಲಿ ಕ್ಯಾಮೆರಾದೊಳಗೆ ಮೂಡಿಸಹೊರಟರೆ, ಎಫ್ 8ಕ್ಕೆ ಇಟ್ಟರೂ ಸ್ಪಷ್ಟವಾಗಿ ನಿಲ್ಲುವುದು ಹೆಚ್ಚುಕಡಮೆ 1 ಮಿಲಿಮೀಟರ್ ಆಳ. ಕಣ್ಣು ಸಿಕ್ಕಿದರೆ ಕಾಲು ಮಸುಕು. ಕಾಲು ಸಿಕ್ಕಿದರೆ ಕಣ್ಣು. ಇದರ ಮೇಲೆ ಗಾಳಿ ಬೇರೆ! ಆದ್ದರಿಂದ ಹಿತ್ತಲಿನಲ್ಲಿ ನಾನು ಮಂಡಿಯೂರಿದಾಗಲೆಲ್ಲ ಗಿಡದ ದಂಟು ಹಿಡಿಯುವ ಕೆಲಸ ನನ್ನಾಕೆಯದಾಗಿತ್ತು. "ಇನ್ನೂ ಆಗಲಿಲ್ವೆ ನಿಮ್ದು? ಒಲೆ ಮೇಲೆ ಸಾರಿದೆ" ಎಂಬುದು ಆಕೆಯ ಮಂತ್ರ.

ಚಿತ್ರ ತಿದ್ದುವುದು ಕ್ಷೌರದಂತೆ. ಎಲ್ಲಿ ನಿಲ್ಲಿಸಬೇಕೆಂಬುದೇ ಕಷ್ಟ. ಹಿನ್ನೆಲೆಯ ಹಸುರನ್ನು ಕೊಂಚ ಕಪ್ಪಾಗಿಸಿ, ಜೇಡದ ಕಣ್ಣನ್ನು ಚುರುಕುಗೊಳಿಸಿ, ಸುತ್ತ ಕರಿಯ ಅಂಚು ಕಟ್ಟಿ, ಮೂಲೆಯಲ್ಲಿ ನನ್ನ ಹೆಸರು ಬರೆದು ಅಂತರಜಾಲಕ್ಕೆ ಏರಿಸುತ್ತಿದ್ದೆ. ಎಡಗಡೆ ಇಣುಕುತ್ತಿದ್ದ ಹೆಬ್ಬೆರಳನ್ನು ಮಾತ್ರ ತಪ್ಪದೆ ಕತ್ತರಿಸುತ್ತಿದ್ದೆ. ಕಾಡಿನಲ್ಲಿ ತೆಗೆದದ್ದೆಂದು ನೋಡುವವರು ತಿಳಿಯಲಿ ಎಂಬ ಸಣ್ಣತನ.

ಆಕೆ ತೀರಿಕೊಂಡು ಎರಡು ವರ್ಷವಾಯಿತು. ಮೊನ್ನೆ, ಕತ್ತರಿಸದ ಮೂಲಪ್ರತಿಗಳಿಗಾಗಿ ಹುಡುಕಿದೆ. ಜಾಗ ಸಾಲದೆಂದು ಬಹುಪಾಲು ಅಳಿಸಿಬಿಟ್ಟಿದ್ದೆನಲ್ಲ! ಉಳಿದಿದ್ದುದು ಒಂದೇ. ಅದರಲ್ಲಿ ಜೇಡ ಮಸುಕು. ಫೋಕಸ್ ತಪ್ಪಿ ಬೆರಳಿನ ಮೇಲೆ ಬಿದ್ದಿದೆ. ಉಗುರಿನ ಸಂದಿಯ ಅರಿಸಿನ ಕೂಡ ಕಾಣುತ್ತದೆ. ಅಂಚು ಕಟ್ಟದೆ, ಹೆಸರು ಬರೆಯದೆ ಹಾಗೆಯೇ ಏರಿಸಿದೆ. ಜೇಡ ಸರಿಯಾಗಿ ಬಂದಿಲ್ಲವೆಂದು ಮಹಾಶಯರೊಬ್ಬರು ಕೂಡಲೇ ತಿಳಿಸಿದರು.